ಎರಡೂ ಒಳ್ಳೇ ಮಿಷನ್ನೇ, ಮೊದಲು ನಿಮ್ಮ ಬಂಡೆ ಎಂಥದ್ದು ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಟ್ರ್ಯಾಕ್ಟರಿಗಿಂತ ಚೈನ್ ಮಿಷನ್, ಅಂದರೆ ಚೈನ್ ಮೇಲೆ ಓಡಾಡುವ ಅಗೆಯೋ ಯಂತ್ರದ ಬಗ್ಗೆ ಕೇಳಿದವರೇ ಜಾಸ್ತಿ. ಒಂದಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಉಳಿದವಕ್ಕೆ ಜಾಗ ಸಿಕ್ಕಷ್ಟು.

ಪ್ರಶ್ನೆ: ಸಾರ್, ನಮ್ಮದು ಶಿರಾ ಹತ್ತಿರ ಹಳ್ಳಿ. ಎರಡು ಜೆಸಿಬಿ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಬಾಡಿಗೆ ಕೆಲಸ ಮಾಡುತ್ತಿದ್ದೇನೆ. ಈಗ ನಮ್ಮ ಮಾವನವರ ಕ್ರಷರಿಗೆ ಕಲ್ಲು ತುಂಬುವ ಕೆಲಸ ಸಿಕ್ಕಿದೆ. ಗಂಟೆಗೆ 80 ಟನ್ ಪುಡಿ ಮಾಡುವ ಕ್ರಷರ್. ತಿಂಗಳಲ್ಲಿ ಹದಿನೈದು ದಿನ ಕ್ವಾರಿ, ಉಳಿದ ದಿನ ಲೇಔಟು, ಕೆರೆ ಹೂಳು, ರೋಡ್ ಕೆಲಸ. 20 ಟನ್ನಿನ ಹೊಸ ಹಿಟಾಚಿ ತಗೋಬೇಕು ಅಂತಿದ್ದೇನೆ. ಟಾಟಾ ಹಿಟಾಚಿ ಒಂದು, ಕೊಮಾಟ್ಸು ಪಿಸಿ210 ಒಂದು, ಎರಡರ ಕೊಟೇಶನ್ ಕೈಯಲ್ಲಿದೆ. ಕೊಮಾಟ್ಸು 5 ಲಕ್ಷ ಜಾಸ್ತಿ ಹೇಳಿದ್ದಾರೆ. ಬಕೆಟ್ ಜಾಗದಲ್ಲಿ ಕಟ್ಟಿ ಕಲ್ಲು ಒಡೆಯೋ ಬ್ರೇಕರ್ ಕೂಡ ಹಾಕಿಸಬೇಕು. ನಮ್ಮ ಆಪರೇಟರ್ ಹಿಟಾಚಿ ಬಿಟ್ಟು ಬೇರೆ ಮುಟ್ಟಲ್ಲ ಅಂತಾನೆ, ಮಾವ ಕೊಮಾಟ್ಸು ಅಂತಾರೆ. ಒಂದೇ ಮಾತಲ್ಲಿ ಹೇಳಿ, ಯಾವುದು ತಗೊಳ್ಳಲಿ?

ಉತ್ತರ: ಒಂದೇ ಮಾತಲ್ಲಿ ಹೇಳಬಹುದು, ಆದರೆ ಆ ಒಂದು ಮಾತು ನಂಬಿ ನೀವು ಐದು ವರ್ಷ ಕಂತು ಕಟ್ಟಬೇಕಲ್ಲ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ತಡಕೊಳ್ಳಿ.

ನಿಮ್ಮ ಪತ್ರದಲ್ಲೇ ಒಂದು ತಮಾಷೆ ಇದೆ. 'ಹಿಟಾಚಿ ತಗೋಬೇಕು, ಟಾಟಾ ಹಿಟಾಚಿ ಒಂದು, ಕೊಮಾಟ್ಸು ಒಂದು' ಅಂತ ಬರೆದಿದ್ದೀರಿ. ನಿಮ್ಮ ತಪ್ಪಲ್ಲ. ನಮ್ಮ ಕಡೆ ಚೈನ್ ಮೇಲೆ ನಿಂತದ್ದೆಲ್ಲ ಹಿಟಾಚಿ, ಮುಂದೆ ಅಗಲ ಬಕೆಟ್ಟು ಹಿಂದೆ ಸೊಂಡಿಲು ಇದ್ದದ್ದೆಲ್ಲ ಜೆಸಿಬಿ. ಬಣ್ಣ ಯಾವುದಾದರೂ ಆಗಲಿ. ಆದರೆ ಹೆಸರಿನ ಈ ಉದಾಸೀನ ಕೊಟೇಶನ್ನಿಗೂ ಬಂದುಬಿಟ್ಟಿದೆ. ಕೊಮಾಟ್ಸು ಮುಂದೆ ಪಿಸಿ210 ಅಂತ ಬರೆದಿದ್ದೀರಿ, ಟಾಟಾ ಹಿಟಾಚಿ ಮುಂದೆ ಏನೂ ಬರೆದಿಲ್ಲ. ಆ ಕಂಪನಿಯದು 20 ಟನ್ನಿನ ಆಸುಪಾಸಲ್ಲೇ ಇಎಕ್ಸ್ ಅನ್ನೋ ಸಾಲು ಬೇರೆ, ಝಾಕ್ಸಿಸ್ ಅನ್ನೋ ಸಾಲು ಬೇರೆ. ಇಎಕ್ಸ್ ಹಳೇ ವಿನ್ಯಾಸದಿಂದ ಬೆಳೆದು ಬಂದದ್ದು. ಸರಳ, ಹಳ್ಳಿ ಮೆಕ್ಯಾನಿಕ್ಕಿಗೂ ಪರಿಚಯ. ಝಾಕ್ಸಿಸ್ ಆಮೇಲಿನದು, ಬೆಲೆಯೂ ಮೇಲಿನದು. ಇಎಕ್ಸ್ ಕೊಟೇಶನ್ ಹಿಡಿದುಕೊಂಡು 'ಕೊಮಾಟ್ಸು 5 ಲಕ್ಷ ಜಾಸ್ತಿ' ಅಂದರೆ ಅದು ಬೇರೆ ಬೇರೆ ತರಗತಿಯ ಹುಡುಗರ ಅಂಕ ಹೋಲಿಸಿದ ಹಾಗೆ. ಪಿಸಿ210ಕ್ಕೆ ಸರಿಸಮ ಝಾಕ್ಸಿಸ್ 220. ನಾಳೆ ಬೆಳಿಗ್ಗೆ ಮೊದಲು ಮಾಡಬೇಕಾದ ಕೆಲಸ: ಮಾದರಿ ಹೆಸರು, ಎಲ್‌ಸಿ ಇದೆಯೋ ಇಲ್ಲವೋ, ಆರ್ಮ್ (ಬಕೆಟ್ ಹಿಡಿದ ಮುಂಗೈ) ಎಷ್ಟು ಮೀಟರು, ಬಕೆಟ್ ಎಷ್ಟು ಕ್ಯೂಬಿಕ್ ಮೀಟರು, ಶೂ (ಚೈನಿಗೆ ಹಾಕಿದ ಕಬ್ಬಿಣದ ಪಟ್ಟಿ) ಅಗಲ ಎಷ್ಟು, ಬ್ರೇಕರಿಗೆ ಎಣ್ಣೆ ಒಯ್ಯುವ ಪೈಪಿಂಗ್ ಸೇರಿದೆಯೋ ಇಲ್ಲವೋ, ಇಷ್ಟೂ ಬರೆಸಿಕೊಂಡು ಎರಡೂ ಕೊಟೇಶನ್ ಮತ್ತೆ ತರಿಸಿ. ಇಬ್ಬರಿಗೂ ಜಿಎಸ್‌ಟಿ 18% ಬಿಟ್ಟು ಬೆಲೆ ಹಾಕಲು ಹೇಳಿ. ನೀವು ಬಿಲ್ ಹಾಕಿ ಬಾಡಿಗೆ ಮಾಡೋರಾದರೆ ಆ ತೆರಿಗೆ ಇನ್‌ಪುಟ್ ಆಗಿ ವಾಪಸ್ ಬರುತ್ತೆ, ಅದನ್ನು ಸೇರಿಸಿ ಹೋಲಿಸಿದರೆ ತಲೆ ಕೆಡುತ್ತೆ ಅಷ್ಟೇ.

ಎಲ್‌ಸಿ ಅಂದರೆ ಉದ್ದ ಚೈನಿನದು. ಬಂಡೆ ಮೇಲೆ ನಿಂತು ಬ್ರೇಕರ್ ಹೊಡೆಯೋರಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಮಿಷನ್ ಕುದುರೆ ಥರ ಕುಣಿಯುತ್ತೆ.

ಈಗ ಯಾವುದು ಅನ್ನೋ ಪ್ರಶ್ನೆ. ಕಾಗದದ ಮೇಲೆ ಇವೆರಡೂ ಅವಳಿ ಮಕ್ಕಳು. ತೂಕ ಎರಡದೂ 21-22 ಟನ್ನು, ಬಕೆಟ್ ಎರಡದೂ ಒಂದು ಕ್ಯೂಬಿಕ್ ಮೀಟರ್ ಆಸುಪಾಸು. ಬ್ರೋಷರಿನಲ್ಲಿ ಒಂದಕ್ಕೆ ಅಗೆಯುವ ಬಲ ನಾಲ್ಕು ಅಂಕಿ ಜಾಸ್ತಿ ಇರಬಹುದು, ಇನ್ನೊಂದಕ್ಕೆ ಸ್ವಿಂಗ್ ಅಂದರೆ ಮೇಲ್ಭಾಗ ತಿರುಗುವ ವೇಗ ಚೂರು ಜಾಸ್ತಿ ಇರಬಹುದು. ಅದನ್ನು ನೋಡಿ ನಿರ್ಧಾರ ಮಾಡೋರು ಕ್ವಾರಿಯಲ್ಲಿ ಒಂದು ದಿನವೂ ನಿಂತವರಲ್ಲ. ಆ ವ್ಯತ್ಯಾಸವನ್ನು ಸವೆದ ಎರಡು ಟೂತ್ ಪಾಯಿಂಟ್ (ಬಕೆಟ್ಟಿನ ಹಲ್ಲಿನ ತುದಿ) ತಿಂದು ಹಾಕುತ್ತವೆ. ನಿಮ್ಮ ದುಡ್ಡು ಹೋಗೋದು ಡೀಸೆಲ್ಲಿಗೆ ಮತ್ತು ಮಿಷನ್ ನಿಂತ ದಿನಕ್ಕೆ.

ಡೀಸೆಲ್ ಲೆಕ್ಕ ಹಾಕೋಣ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 250 ದಿನ, ಅಂದರೆ 2000 ಗಂಟೆ. ಈ ಗಾತ್ರದ ಮಿಷನ್ ಕೆಲಸ ನೋಡಿಕೊಂಡು ಗಂಟೆಗೆ 10ರಿಂದ 15 ಲೀಟರ್ ಕುಡಿಯುತ್ತೆ. 13 ಹಿಡಿಯಿರಿ. ಲೀಟರಿಗೆ 90 ರೂಪಾಯಿ ಅಂದರೂ ವರ್ಷಕ್ಕೆ 23 ಲಕ್ಷದ ಮೇಲೆ. ಮೂರು ವರ್ಷಕ್ಕೆ 70 ಲಕ್ಷ! ನೀವು ಕೊಳ್ಳುತ್ತಿರುವ ಮಿಷನ್ನಿನಷ್ಟೇ ಬೆಲೆಯ ಡೀಸೆಲ್ಲನ್ನು ಮೂರು ವರ್ಷದಲ್ಲಿ ಅದರ ಬಾಯಿಗೆ ಸುರಿಯುತ್ತೀರಿ. ಡೀಸೆಲ್ಲು ಜಿಎಸ್‌ಟಿ ಒಳಗಿಲ್ಲ, ಹಾಗಾಗಿ ಇನ್‌ಪುಟ್ಟೂ ಇಲ್ಲ. ಹೋದದ್ದು ಹೋದಂಗೆ. ಇದರ ಮುಂದೆ ಈ 5 ಲಕ್ಷ ಏನು ದೊಡ್ಡದು? ಗಂಟೆಗೆ 2 ಲೀಟರ್ ಕಮ್ಮಿ ಕುಡಿದರೆ ವರ್ಷಕ್ಕೆ 3 ಲಕ್ಷದ 60 ಸಾವಿರ ಉಳಿಯುತ್ತೆ. ಒಂದೂವರೆ ವರ್ಷದಲ್ಲಿ 5 ಲಕ್ಷ ವಾಪಸ್. ಬರೀ ಅರ್ಧ ಲೀಟರ್ ವ್ಯತ್ಯಾಸ ಇದ್ದರೆ ಐದೂವರೆ ವರ್ಷ ಬೇಕು, ಅಷ್ಟೊತ್ತಿಗೆ ನೀವು ಮಿಷನ್ ಮಾರುವ ಮಾತಾಡುತ್ತಿರುತ್ತೀರಿ.

ಆದರೆ ಗಂಟೆಗೆ ಎಷ್ಟು ಲೀಟರ್ ಅನ್ನೋದೂ ಅರ್ಧ ಸುಳ್ಳೇ. ಮಿಷನ್ನನ್ನು ಎಕಾನಮಿ ಮೋಡಿನಲ್ಲಿಟ್ಟು ಮೆಲ್ಲಗೆ ಆಡಿಸಿದರೆ ಯಾವುದಾದರೂ ಕಮ್ಮಿ ಕುಡಿಯುತ್ತೆ. ಟಿಪ್ಪರಿಗೆ ಎಷ್ಟು ಲೀಟರ್ ಅಂತ ಲೆಕ್ಕ ಹಾಕಿ. ಒಂದು ಮಿಷನ್ ಗಂಟೆಗೆ 12 ಲೀಟರ್ ಕುಡಿದು 9 ಟಿಪ್ಪರ್ ತುಂಬಿತು, ಇನ್ನೊಂದು 14 ಲೀಟರ್ ಕುಡಿದು 11 ತುಂಬಿತು ಅನ್ನಿ. ಎರಡನೆಯದೇ ಅಗ್ಗ, ಅಲ್ವಾ? ಭಾಗಿಸಿ ನೋಡಿ.

ಅದಕ್ಕೆ ಡೆಮೊ ಕೇಳಿ. ಎರಡೂ ಕಂಪನಿಯವರನ್ನು ಕೇಳಿ, ನಿಮ್ಮದೇ ಕ್ವಾರಿಯಲ್ಲಿ, ನಿಮ್ಮದೇ ಕಲ್ಲಲ್ಲಿ. ನಾನು ಒಂದು ಸಲ ಇಂಥ ಡೆಮೊದಲ್ಲಿ ದಿನವೆಲ್ಲ ನಿಂತಿದ್ದೆ. ಕಂಪನಿಯಿಂದ ಬಂದ ಹುಡುಗ ಎಂಥ ಕೈ ಅಂತೀರಿ, ಬಕೆಟ್ಟಿನ ತುದಿಯಲ್ಲಿ ನೀರಿನ ಬಾಟಲಿ ಎತ್ತಿ ಟೇಬಲ್ ಮೇಲಿಟ್ಟ. ಎಲ್ಲರೂ ಚಪ್ಪಾಳೆ ಹೊಡೆದರು. ಮಾಲೀಕರು ಅಲ್ಲೇ ಅಡ್ವಾನ್ಸ್ ಕೊಡೋಕೆ ಹೊರಟರು. ಅವರ ಹಳೇ ಆಪರೇಟರ್ ಮಾತ್ರ ಬೀಡಿ ಹಚ್ಚಿಕೊಂಡು ದೂರದಲ್ಲಿ ಕೂತಿದ್ದ. ಮಧ್ಯಾಹ್ನದ ಮೇಲೆ ಅವನನ್ನು ಹತ್ತಿಸಿದರೆ ಅದೇ ಮಿಷನ್ನು, ಅದೇ ರಾಶಿ, ಗಂಟೆಗೆ ಎರಡು ಲೀಟರ್ ಜಾಸ್ತಿ! ಬೆಳಿಗ್ಗೆ ಹುಡುಗ ಸಡಿಲ ಕಲ್ಲಿನ ಕಡೆಯಿಂದ ತುಂಬಿದ್ದ, ಟಿಪ್ಪರನ್ನು ಪಕ್ಕಕ್ಕೇ ನಿಲ್ಲಿಸಿಕೊಂಡಿದ್ದ, ಸ್ವಿಂಗು ಕಾಲು ಸುತ್ತೂ ಇರಲಿಲ್ಲ. ಇವನು ಎಂದಿನಂತೆ ಅರ್ಧ ಸುತ್ತು ತಿರುಗಿಸಿ ತುಂಬಿದ. ಆವತ್ತು ನನಗೆ ಗೊತ್ತಾದದ್ದು, ಆ ಎರಡು ಲೀಟರ್ ಇದ್ದದ್ದು ಟಿಪ್ಪರ್ ನಿಲ್ಲಿಸುವ ಜಾಗದಲ್ಲಿ.

ಹಾಗಾಗಿ ಡೆಮೊದಲ್ಲಿ ಹೀಗೆ ಮಾಡಿ. ಮಿಷನ್ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಟ್ಯಾಂಕ್ ಬಾಯಿತನಕ ತುಂಬಿಸಿ, ನೊರೆ ಇಳಿಯೋತನಕ ಕಾದು ಮತ್ತೆ ತುಂಬಿಸಿ. ನಾಲ್ಕು ಗಂಟೆ ಕೆಲಸ, ಅದರಲ್ಲಿ ಎರಡು ಗಂಟೆ ನಿಮ್ಮ ಆಪರೇಟರ್. ಆಮೇಲೆ ಅದೇ ಜಾಗಕ್ಕೆ ತಂದು ನಿಲ್ಲಿಸಿ, ಅಳತೆಯ ಕ್ಯಾನಿನಲ್ಲಿ ಬಾಯಿತನಕ ತುಂಬಿ. ಟಿಪ್ಪರ್ ಎಣಿಸೋಕೆ ಕ್ರಷರಿನ ಹುಡುಗನನ್ನು ನಿಲ್ಲಿಸಿ. ಡಿಸ್‌ಪ್ಲೇ ತೋರಿಸುವ ಲೀಟರ್ ನಂಬಬೇಡಿ ಅಂತಲ್ಲ, ಕ್ಯಾನಿನ ಲೆಕ್ಕದ ಪಕ್ಕ ಅದನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಆಪರೇಟರ್ ಜೊತೆ ಮಾತಾಡೋಕೆ ಬೇಕಾಗುತ್ತೆ.

ಇನ್ನು ನಿಮ್ಮ ಬಂಡೆ. ತುಮಕೂರು, ಶಿರಾ ಕಡೆಯದು ಗ್ರಾನೈಟು, ಮತ್ತೆ ನೈಸ್ ಅನ್ನೋ ಪಟ್ಟೆ ಪಟ್ಟೆ ಬಂಡೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ 300 ಕೋಟಿ ವರ್ಷದ್ದು ಅಂತಾರಲ್ಲ, ಅದರ ಒಡಹುಟ್ಟಿದವು ಅನ್ನಿ. ಗಟ್ಟಿ, ಜೊತೆಗೆ ಸ್ಫಟಿಕ ತುಂಬಿರುವುದರಿಂದ ಮರಳು ಕಾಗದದ ಥರ ಉಜ್ಜುತ್ತೆ. ಶಹಾಬಾದ್ ಕಡೆಯ ಸುಣ್ಣಕಲ್ಲಲ್ಲಿ ತಿಂಗಳುಗಟ್ಟಲೆ ಬಾಳುವ ಟೂತ್ ಪಾಯಿಂಟು ನಿಮ್ಮಲ್ಲಿ ಅಷ್ಟು ಬಾಳಲ್ಲ. ಕರಾವಳಿಯ ಮುರಕಲ್ಲು ನೋಡಿದವರ ಸಲಹೆಯಂತೂ ಕೇಳಲೇಬೇಡಿ. ಅದಕ್ಕೇ ಮಣ್ಣಿನ ಬಕೆಟ್ ಬೇಡ, ರಾಕ್ ಬಕೆಟ್ ಬರೆಸಿ. ಗಾತ್ರ ಚೂರು ಕಮ್ಮಿ, ತಳದಲ್ಲಿ ದಪ್ಪ ಪ್ಲೇಟು. ಆರ್ಮ್ ಎರಡು ಥರ ಬರುತ್ತೆ, ಸುಮಾರು 2.9 ಮೀಟರಿನದು ಮಾಮೂಲಿ, ಸುಮಾರು 2.4 ಮೀಟರಿನದು ಗಿಡ್ಡ. ಬರೀ ಕ್ವಾರಿ ಆದರೆ ಗಿಡ್ಡದ್ದು ಬಲ ಜಾಸ್ತಿ ಕೊಡುತ್ತೆ, ಬಂಡೆ ಸೀಳಿನಿಂದ ಕಲ್ಲು ಕಿತ್ತು ತೆಗೆಯೋಕೆ ಚೆಂದ. ಆದರೆ ನಿಮಗೆ ಕೆರೆ ಹೂಳೂ ಇದೆ, ಅಲ್ಲಿ ದಂಡೆ ಮೇಲೆ ನಿಂತು ಒಳಗೆ ಕೈ ಚಾಚಬೇಕು. ಉದ್ದದ್ದೇ ಇರಲಿ.

ಶೂ ಬಗ್ಗೆ ಯಾರೂ ಕೇಳಲ್ಲ, ಕೊಡೋರೂ ಹೇಳಲ್ಲ. ಅಗಲ ಶೂ ಇದ್ದರೆ ಮಿಷನ್ ಗಟ್ಟಿಯಾಗಿ ನಿಲ್ಲುತ್ತೆ ಅಂತ ಜನ ತಿಳಿದಿದ್ದಾರೆ. ಹೂಳಲ್ಲಿ ಅದು ನಿಜ. ಬಂಡೆ ಮೇಲೆ ಶೂವಿನ ಅಂಚು ಒಂದೇ ಕಲ್ಲಿನ ಮೇಲೆ ಕೂರುತ್ತೆ, 20 ಟನ್ ಭಾರ ಆ ಅಂಚಿಗೇ, ಶೂ ಬಗ್ಗುತ್ತೆ, ಬೋಲ್ಟು ಸಡಿಲ ಆಗುತ್ತೆ, ಆಮೇಲೆ ಒಂದು ದಿನ ಚೈನ್ ಬಿಚ್ಚಿ ಬಿದ್ದಿರುತ್ತೆ. ಮಿಷನ್ನಿನ ಜೀವಮಾನದ ರಿಪೇರಿ ಖರ್ಚಲ್ಲಿ ಅರ್ಧದ ತನಕ ಕೆಳಗಿನ ಚೈನು, ರೋಲರು, ಚೈನ್ ಎಳೆಯುವ ಹಲ್ಲುಚಕ್ರ ಸ್ಪ್ರಾಕೆಟ್ಟೇ ತಿನ್ನುತ್ತೆ. ಕೆಲಸ ಎರಡೂ ಇರೋರು ಕೆಲಸಕ್ಕೆ ಸಾಲುವಷ್ಟು ಕಿರಿದು ಶೂ ಹಾಕಿಸಬೇಕು, ಹೂಳಿನ ಕೆಲಸದ ದಿನ ಸ್ವಲ್ಪ ಹುಷಾರಾಗಿ ಓಡಿಸಬೇಕು. ಮತ್ತೆ ಒಂದು ಮಾತು, ಕ್ವಾರಿ ಒಳಗೆ ಮಿಷನ್ನನ್ನು ಬೈಕ್ ಥರ ಅತ್ತಿಂದಿತ್ತ ಓಡಿಸೋದು ಬಿಡಿಸಿ. ಅದು ನಿಂತು ಕೆಲಸ ಮಾಡೋ ಪ್ರಾಣಿ.

ಈಗ ನಿಮ್ಮ ಪತ್ರ ಓದುವಾಗ ನನಗೆ ಕುಟುಕಿದ ವಿಷಯ. ನೀವು ಕೇಳಿದ್ದು ಈ ಮಿಷನ್ನಾ ಆ ಮಿಷನ್ನಾ ಅಂತ. ಒಂದೇ ಮಿಷನ್ ಬಕೆಟ್ಟೂ ಬ್ರೇಕರೂ ಎರಡೂ ಕೆಲಸ ಮಾಡುತ್ತಾ ಅಂತ ಕೇಳಿಲ್ಲ. ಒಂದು ಕ್ಯೂಬಿಕ್ ಮೀಟರ್ ಬಕೆಟ್ಟಿಗೆ ಸಿಡಿಸಿದ ಕಲ್ಲು ತುಂಬಿದರೆ ಮುಕ್ಕಾಲು ಪಾಲು ತುಂಬುತ್ತೆ, ಸುಮಾರು 1.2 ಟನ್. 16 ಟನ್ ಹಿಡಿಸುವ ಹತ್ತು ಚಕ್ರದ ಟಿಪ್ಪರಿಗೆ 13-14 ಬಕೆಟ್. ಒಂದೊಂದಕ್ಕೆ 20 ಸೆಕೆಂಡ್ ಅಂದರೂ ಐದು ನಿಮಿಷದೊಳಗೆ ಟಿಪ್ಪರ್ ತುಂಬಿತು. ಗಂಟೆಯಲ್ಲಿ 45 ನಿಮಿಷ ನಿಜವಾದ ಕೆಲಸ ಅಂತ ಹಿಡಿದರೂ 160 ಟನ್. ನಿಮ್ಮ ಕ್ರಷರಿಗೆ ಬೇಕಾದ್ದು 80. ಅಂದರೆ ಅರ್ಧ ಹೊತ್ತಲ್ಲಿ ಹೊಟ್ಟೆ ತುಂಬಿಸಬಹುದು, ಉಳಿದ ಅರ್ಧ ಹೊತ್ತು ದೊಡ್ಡ ಗುಂಡುಗಳನ್ನು ಬ್ರೇಕರಿನಲ್ಲಿ ಒಡೆಯಬಹುದು. ಲೆಕ್ಕಕ್ಕೆ ಚೆನ್ನಾಗಿದೆ.

ಆದರೆ ಬಕೆಟ್ ಬಿಚ್ಚಿ ಬ್ರೇಕರ್ ಹಾಕೋದು ಪಿನ್ನು ಬಡಿದು, ಹೋಸು ಕಟ್ಟಿ, ಎಲ್ಲ ಸೇರಿ ಮುಕ್ಕಾಲು ಗಂಟೆ, ಕೆಲವು ಸಲ ಒಂದು ಗಂಟೆ. ದಿನಕ್ಕೆ ಎರಡು ಮೂರು ಸಲ ಮಾಡಿದರೆ ದಿನ ಮುಗಿಯಿತು. ಪ್ರತಿ ಸಲ ಹೋಸ್ ಬಿಚ್ಚಿದಾಗಲೂ ಕಲ್ಲಿನ ಪುಡಿ ಒಳಗೆ ಹೋಗೋ ದಾರಿ ತೆರೆಯುತ್ತೆ. ಹೋಸ್ ತುದಿಗೆ ಮುಚ್ಚಳ ಕೊಟ್ಟಿರುತ್ತಾರೆ, ಅದು ಎರಡನೇ ವಾರಕ್ಕೇ ಕಳೆದು ಹೋಗಿರುತ್ತೆ, ಆಮೇಲೆ ಹೆಲ್ಪರ್ ಬನಿಯನ್ ವೇಸ್ಟ್ ತುರುಕುತ್ತಾನೆ, ಅದರ ನೂಲು ವಾಲ್ವಿನಲ್ಲಿ ಹೋಗಿ ಕೂರುತ್ತೆ. ಲಕ್ಷಗಟ್ಟಲೆ ಬೆಲೆಯ ಹೈಡ್ರಾಲಿಕ್ ಪಂಪ್ ಹತ್ತು ರೂಪಾಯಿ ಬಟ್ಟೆಗೆ ಬಲಿ. ಹಾಗಾಗಿ ಹಿಂದಿನ ದಿನ ಸಂಜೆ ಕ್ರಷರ್ ಬಾಯಲ್ಲಿ ರಾಶಿ ಹಾಕಿಟ್ಟು, ಬೆಳಿಗ್ಗೆ ಮೂರು ಗಂಟೆ ಬರೀ ಬ್ರೇಕರ್, ಆಮೇಲೆ ದಿನಪೂರ್ತಿ ಬಕೆಟ್, ಹೀಗೆ ಕೆಲಸದ ನಡುವೆ ಒಂದೇ ಅದಲುಬದಲು ಇಟ್ಟುಕೊಳ್ಳಿ, ಮತ್ತೆ ಬ್ರೇಕರ್ ಕಟ್ಟೋದು ಸಂಜೆ ಕೆಲಸ ಮುಗಿದ ಮೇಲೆ. ಆಗದಿದ್ದರೆ ಬ್ರೇಕರಿಗೆ ಒಂದು ಹಳೇ ಮಿಷನ್ ಬಾಡಿಗೆಗೆ ತರಿಸಿ. ಹೊಸ ಮಿಷನ್ನಿಗೆ ಬ್ರೇಕರ್ ಕಟ್ಟೋದು ಹೊಸ ಸೊಸೆಗೆ ಮೊದಲ ದಿನವೇ ಕೊಟ್ಟಿಗೆ ಬಳಿಯೋಕೆ ಹೇಳಿದ ಹಾಗೆ, ಮಾಡ್ತಾಳೆ, ಆದರೆ ನೆನಪಿಟ್ಟುಕೊಳ್ತಾಳೆ. ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿದೆ. ಬ್ಲಾಸ್ಟಿಂಗ್ ಮಾಡೋ ಪರವಾನಗಿದಾರರ ಜೊತೆ ಮಾತಾಡಿ. ರಂಧ್ರದ ಅಂತರ ಹತ್ತಿರ ಮಾಡಿದರೆ ಡ್ರಿಲ್ಲಿಂಗ್ ಖರ್ಚು ಸ್ವಲ್ಪ ಏರುತ್ತೆ, ಗುಂಡು ಕಮ್ಮಿ ಬರುತ್ತೆ, ಬ್ರೇಕರ್ ಗಂಟೆ ಇಳಿಯುತ್ತೆ. ಎಷ್ಟೋ ಕ್ವಾರಿಗಳಲ್ಲಿ ಬ್ಲಾಸ್ಟಿಂಗ್ ಮಾಡೋರೂ ಮಿಷನ್ ಮಾಲೀಕರೂ ಒಬ್ಬರ ಮುಖ ಒಬ್ಬರು ನೋಡಿರಲ್ಲ.

ಸರಿ, ಇಂಜಿನ್. ಪಿಸಿ210ದು ಕಾಮನ್ ರೈಲ್ ಇಂಜಿನ್, ಕಂಪ್ಯೂಟರ್ ಡೀಸೆಲ್ ಅಳೆದು ಕೊಡುತ್ತೆ. ಮಿತವ್ಯಯಿ, ಆದರೆ ಡೀಸೆಲ್ ಶುದ್ಧ ಇರಬೇಕು. ಬ್ಯಾರಲ್ಲಿನಲ್ಲಿ ತಂದು, ಕೈಪಂಪಿನಲ್ಲಿ ಹಾಕಿ, ಮಳೆಗಾಲದಲ್ಲಿ ಬ್ಯಾರಲ್ ಬಾಯಿ ತೆರೆದಿಟ್ಟರೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಸಾಯುತ್ತೆ, ಆ ಬಿಲ್ಲು ನೋಡಿದರೆ ನಿಮಗೂ ಎದೆ ಬಡಿತ ಏರುತ್ತೆ. ಟಾಟಾ ಹಿಟಾಚಿಯಲ್ಲಿ ಯಾವ ಇಂಜಿನ್, ಕಾಮನ್ ರೈಲಾ ಹಳೇ ಪಂಪಿನದಾ ಅಂತ ಕೊಟೇಶನ್ನಿನಲ್ಲಿ ಬರೆಸಿ. ಹಳೇ ಪಂಪಿನದು ಕೊಳೆ ಡೀಸೆಲ್ಲನ್ನು ಸ್ವಲ್ಪ ಸಹಿಸುತ್ತೆ. ಯಾವುದೇ ತಗೊಂಡರೂ ವಾಟರ್ ಸೆಪರೇಟರ್ ದಿನಾ ಬೆಳಿಗ್ಗೆ ಬಿಚ್ಚಿ ನೀರು ಬಿಡಬೇಕು. ಆ ಕೆಲಸಕ್ಕೆ ಎರಡು ನಿಮಿಷ ಸಾಕು.

ನಿಂತ ದಿನದ ಮಾತಿಗೆ ಬರೋಣ, ನನಗೆ ಮುಖ್ಯ ಇದೇ. ಹೋದ ವರ್ಷ ಪರಿಚಯದವರ ಕ್ವಾರಿಯಲ್ಲಿ ಬೂಮ್ (ಮಿಷನ್ನಿನ ದೊಡ್ಡ ತೋಳು) ಎತ್ತುವ ಸಿಲಿಂಡರಿನ ಹೋಸ್ ಸಿಡಿಯಿತು. ಯಾವ ಕಂಪನಿ ಮಿಷನ್ ಅನ್ನೋದು ಬೇಡ. ಶುಕ್ರವಾರ ಸಂಜೆ ಫೋನ್ ಮಾಡಿದರೆ 'ಸ್ಟಾಕ್ ಇದೆ ಸಾರ್, ಸೋಮವಾರ ಕಳಿಸ್ತೀವಿ' ಅಂದರು. ಎಂಟು ಟಿಪ್ಪರು, ಕ್ರಷರಿನ ಹುಡುಗರು, ಎಲ್ಲ ಕೂತರು. ಕೊನೆಗೆ ಇವರೇ ಒಬ್ಬ ಹುಡುಗನನ್ನು ಬೆಂಗಳೂರಿಗೆ ಕಳಿಸಿ, ಶನಿವಾರ ರಾತ್ರಿ ಆ ಹೋಸು ಸರ್ಕಾರಿ ಬಸ್ಸಿನಲ್ಲಿ ಸುರುಳಿ ಸುತ್ತಿಕೊಂಡು ಬಂತು. ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದಿದ್ದ. ಆ ಟಿಕೆಟ್ಟನ್ನು ಮಾಲೀಕರು ಇವತ್ತಿಗೂ ಕ್ಯಾಬಿನ್ ಗಾಜಿಗೆ ಅಂಟಿಸಿದ್ದಾರೆ.

ಟಾಟಾ ಹಿಟಾಚಿ ಕಾರ್ಖಾನೆ ಧಾರವಾಡದಲ್ಲೇ ಇದೆ, ಬಿಡಿಭಾಗ ಬೇಗ ಸಿಗುತ್ತೆ ಅಂತ ನಿಮ್ಮ ಆಪರೇಟರ್ ಹೇಳಿರಬಹುದು. ಕೊಮಾಟ್ಸು ಚೆನ್ನೈ ಕಡೆಯ ಒರಗಡಂನಲ್ಲಿ ತಯಾರಾಗುತ್ತೆ, ಮಾರೋದು ಎಲ್ ಆಂಡ್ ಟಿ, ದೊಡ್ಡ ಜಾಲ ಅಂತ ಮಾವ ಹೇಳಿರಬಹುದು. ಎರಡೂ ನಿಜ, ಎರಡೂ ನಿಮಗೆ ಸಂಬಂಧ ಇಲ್ಲ. ನಿಮಗೆ ಸಂಬಂಧ ಇರೋದು ಶಿರಾಕ್ಕೆ ಬರುವ ಸರ್ವಿಸ್ ಇಂಜಿನಿಯರ್ ರಾತ್ರಿ ಎಲ್ಲಿ ಮಲಗುತ್ತಾನೆ ಅನ್ನೋದು. ಒಂದು ಸಣ್ಣ ಪರೀಕ್ಷೆ ಮಾಡಿ. ಅಡ್ವಾನ್ಸ್ ಕೊಡೋ ಮೊದಲು, ಭಾನುವಾರ ಮಧ್ಯಾಹ್ನ ಎರಡೂ ಕಡೆಯ ಸರ್ವಿಸ್ ನಂಬರಿಗೆ ಫೋನ್ ಮಾಡಿ. ಸೇಲ್ಸ್‌ನವರಿಗಲ್ಲ, ಅವರು ಸ್ನಾನ ಮಾಡುವಾಗಲೂ ಎತ್ತುತ್ತಾರೆ. ಆಮೇಲೆ ನಿಮ್ಮ ಸುತ್ತ 30 ಕಿಲೋಮೀಟರಿನಲ್ಲಿ ಅದೇ ಮಾದರಿ ಇಟ್ಟುಕೊಂಡಿರುವ ಮೂರು ಜನರನ್ನು ಕಂಡು, ಚಹಾ ಕುಡಿಯುತ್ತಾ, ಕೊನೇ ಸಲ ಮಿಷನ್ ನಿಂತದ್ದು ಯಾವಾಗ, ಎಷ್ಟು ದಿನ ಅಂತ ಕೇಳಿ. ಮಿಷನ್ ಹೇಗಿದೆ ಅಂತ ಕೇಳಬೇಡಿ. ತಾನು ಕೊಂಡ ಮಿಷನ್ ಕೆಟ್ಟದ್ದು ಅಂತ ಯಾರೂ ಹೇಳಲ್ಲ.

ನಿಮ್ಮ ಆಪರೇಟರ್ ಮಾತನ್ನು ಹಟ ಅಂತ ತಳ್ಳಿಹಾಕಬೇಡಿ. ಲಿವರ್ ಆಡಿಸುವ ಕ್ರಮ ಎರಡರಲ್ಲೂ ಒಂದೇ ಥರ ಇಡಬಹುದು, ಆದರೆ ಕೈಗೆ ಸಿಗುವ ಅನುಭವ ಬೇರೆ. ಹದಿನೈದು ದಿನದಲ್ಲಿ ಒಗ್ಗುತ್ತೆ. ಒಗ್ಗದೇ ಇರೋದು ಅವನ ಮನಸ್ಸು. ಅವನಿಗೆ ಇಷ್ಟ ಇಲ್ಲದ ಮಿಷನ್ನಿಗೆ ದಿನಾ ಬೆಳಿಗ್ಗೆ ಗ್ರೀಸ್ ಹೊಡೆಯುವವರು ಯಾರು? ಡೆಮೊದಲ್ಲಿ ಎರಡನ್ನೂ ಅವನ ಕೈಗೆ ಕೊಡಿ, ಆಮೇಲೆ ಕೇಳಿ.

ಹೊಸ ಕೊಟೇಶನ್ನಿನಲ್ಲೂ ವ್ಯತ್ಯಾಸ 5 ಲಕ್ಷವೇ ಅಂತ ಹಿಡಿದರೆ, ನನ್ನ ದುಡ್ಡಾಗಿದ್ದರೆ ಹೀಗೆ. ಝಾಕ್ಸಿಸ್ ಮತ್ತು ಪಿಸಿ210 ಎರಡಕ್ಕೂ ಡೆಮೊ. ಕೊಮಾಟ್ಸು ನಿಮ್ಮ ಆಪರೇಟರ್ ಕೈಯಲ್ಲಿ, ಟಿಪ್ಪರ್ ಲೆಕ್ಕದಲ್ಲಿ ಗಂಟೆಗೆ ಒಂದೂವರೆ ಲೀಟರಿಗಿಂತ ಜಾಸ್ತಿ ಉಳಿಸಿದರೆ, ಮತ್ತೆ ಭಾನುವಾರದ ಫೋನ್ ಎತ್ತಿದರೆ, ಮಾವನ ಮಾತು ಗೆದ್ದಿತು, 5 ಲಕ್ಷ ಕೊಡಿ. ಒಂದು ಲೀಟರಿಗಿಂತ ಕಮ್ಮಿ ಇದ್ದರೆ ಟಾಟಾ ಹಿಟಾಚಿ ತಗೊಂಡು ಉಳಿದ ದುಡ್ಡಲ್ಲಿ ರಾಕ್ ಬಕೆಟ್ಟು, ಒಂದು ಜೊತೆ ಹೋಸು, ಫಿಲ್ಟರ್, ಟೂತ್ ಪಾಯಿಂಟು ಶೆಡ್ಡಿನಲ್ಲಿ ತುಂಬಿಸಿಡಿ. ಒಂದಕ್ಕೂ ಒಂದೂವರೆಗೂ ನಡುವೆ ಬಂದರೆ ಆಪರೇಟರ್ ಹೇಳಿದ್ದೇ ಸರಿ. ಮಾವನವರಿಗೆ ಈ ಪುಟ ತೋರಿಸಿ, ಬೈಗುಳ ನನಗೆ ಬರಲಿ.

ಪ್ರಶ್ನೆ: ಹೊಸದಕ್ಕೆ ದುಡ್ಡಿಲ್ಲ. 7000 ಗಂಟೆ ಓಡಿದ ಸೆಕೆಂಡ್ ಹ್ಯಾಂಡ್ ಚೈನ್ ಮಿಷನ್ ಬಂದಿದೆ. ಬಣ್ಣ ಹೊಸದರ ಥರ ಇದೆ. ತಗೋಬಹುದಾ? – ಕೊಪ್ಪಳ ಜಿಲ್ಲೆಯ ಓದುಗ

ಉತ್ತರ: ಬಣ್ಣ ಹೊಸದಾಗಿದ್ದರೆ ಅದೇ ಮೊದಲ ಅನುಮಾನ. ಅವರ್ ಮೀಟರ್ ಏನು ಬೇಕಾದರೂ ಹೇಳಲಿ, ಪೆಡಲ್ ರಬ್ಬರು ಮತ್ತು ಲಿವರ್ ಹಿಡಿ ಸುಳ್ಳು ಹೇಳಲ್ಲ. ಅವು ನುಣ್ಣಗೆ ಸವೆದಿದ್ದು ಮೀಟರ್ 7000 ಅಂದರೆ ನಗುತ್ತಾ ಎದ್ದು ಬನ್ನಿ. ಕೊಮಾಟ್ಸುವಿನಲ್ಲಿ ಕೋಮ್‌ಟ್ರಾಕ್ಸ್, ವೋಲ್ವೋದಲ್ಲಿ ಕೇರ್‌ಟ್ರ್ಯಾಕ್, ಜೆಸಿಬಿಯಲ್ಲಿ ಲೈವ್‌ಲಿಂಕ್ ಅಂತ ದೂರದಿಂದ ಗಂಟೆ, ಡೀಸೆಲ್ ದಾಖಲಾಗುವ ವ್ಯವಸ್ಥೆ ಇರುತ್ತೆ. ಮಾರೋರು ಆ ದಾಖಲೆ ತೋರಿಸಲಿ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ನೀವು ಹೋಗೋ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಆದ ಮೇಲೆ ಎಣ್ಣೆ ಮುಚ್ಚಳ ತೆಗೆದು ಹೊಗೆ ಒತ್ತಿ ಬರುತ್ತಾ ನೋಡಿ. ಬಕೆಟ್ ತುಂಬಿ, ಬೂಮ್ ಎತ್ತಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ, ಐದು ನಿಮಿಷದಲ್ಲಿ ಎಷ್ಟು ಇಳಿಯಿತು ಅಂತ ಟೇಪ್ ಹಿಡಿದು ಅಳೆಯಿರಿ. ಬಕೆಟ್ಟನ್ನು ನೆಲದಿಂದ ಒಂದು ಗೇಣು ಎತ್ತಿಸಿ ಕೈಯಿಂದ ಅಲುಗಾಡಿಸಿ, ಪಿನ್ನು ಬುಶ್ಶು ಸವೆದಿದ್ದರೆ ಕಟಕಟ ಅನ್ನುತ್ತೆ. ಸ್ಪ್ರಾಕೆಟ್ ಹಲ್ಲು ಚೂಪಾಗಿದ್ದರೆ ಚೈನ್ ಖರ್ಚು ಮುಂದಿದೆ. ಸಮತಟ್ಟು ನೆಲದಲ್ಲಿ 20 ಮೀಟರ್ ನೇರ ಓಡಿಸಿ, ಒಂದು ಕಡೆ ಎಳೆದರೆ ಆ ಕಡೆಯ ಟ್ರಾವೆಲ್ ಮೋಟರ್ ಬಗ್ಗೆ ಚೌಕಾಶಿ ಮಾಡಿ. ಬೂಮಿನ ಬುಡದಲ್ಲಿ, ಆರ್ಮಿನ ಮೂಲೆಯಲ್ಲಿ ಬಣ್ಣದ ಕೆಳಗೆ ವೆಲ್ಡಿಂಗ್ ಗೆರೆ ಇದೆಯಾ ಅಂತ ಬೆರಳಲ್ಲಿ ಸವರಿ ನೋಡಿ. ಬ್ರೇಕರ್ ಓಡಿದ ಮಿಷನ್ನಾ ಅಂತ ಕೇಳಿ. ಇಲ್ಲ ಅಂತಾರೆ. ಆರ್ಮ್ ಮೇಲೆ ಬ್ರೇಕರ್ ಪೈಪ್ ಇದ್ದ ಕ್ಲಾಂಪಿನ ಗುರುತು ಹುಡುಕಿ.

ಫೈನಾನ್ಸ್ ಬಾಕಿ ಇದ್ದರೆ ಬ್ಯಾಂಕಿನ ಎನ್‌ಒಸಿ ಕೈಗೆ ಬಾರದೆ ಒಂದು ರೂಪಾಯಿ ಕೊಡಬೇಡಿ. ಸಿಪಿಎಂ ಅಂತ ಗುತ್ತಿಗೆದಾರರ ಯಂತ್ರಕ್ಕೆಂದೇ ವಿಮೆ ಇದೆ, ಟ್ರೇಲರಿನಿಂದ ಇಳಿಸೋ ಮೊದಲೇ ಮಾಡಿಸಿ.

ಪ್ರಶ್ನೆ: ಬ್ರೇಕರ್ ಹಾಕಿದರೆ ವಾರಂಟಿ ಹೋಗುತ್ತಾ? – ರಾಮನಗರದಿಂದ

ಉತ್ತರ: ಯಾರು ಹಾಕಿದರು ಅನ್ನೋದರ ಮೇಲೆ. ಡೀಲರ್ ಕೈಯಲ್ಲೇ ಪೈಪಿಂಗ್ ಹಾಕಿಸಿ, ಬ್ರೇಕರ್ ತೂಕ, ಮಾದರಿ ಎರಡೂ ವಾರಂಟಿ ಕಾಗದದಲ್ಲಿ ಬರೆಸಿ. 20 ಟನ್ ಮಿಷನ್ನಿಗೆ ಉಳಿ 135-140 ಮಿಲಿಮೀಟರ್ ಇರೋ ಬ್ರೇಕರ್ ಸರಿಹೊಂದುತ್ತೆ, ಅಗ್ಗಕ್ಕೆ ಸಿಕ್ಕಿತು ಅಂತ ಅದಕ್ಕಿಂತ ದೊಡ್ಡದು ನೇತುಹಾಕಬೇಡಿ. ಒಂದೇ ಜಾಗಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಹೊಡೆದೂ ಕಲ್ಲು ಒಡೆಯದಿದ್ದರೆ ಜಾಗ ಬದಲಿಸಬೇಕು. ಕಲ್ಲು ಒಡೆದ ಮೇಲೂ ಗಾಳಿಗೆ ಹೊಡೀತಾ ಇರೋದು ಬ್ರೇಕರಿಗೆ ಎಲ್ಲಕ್ಕಿಂತ ಕೆಟ್ಟದ್ದು. ಹೈಡ್ರಾಲಿಕ್ ಎಣ್ಣೆ, ಫಿಲ್ಟರ್ ಬದಲಿಸೋಕೆ ಮ್ಯಾನ್ಯುವಲ್ಲಿನಲ್ಲಿ ಬ್ರೇಕರಿಗೆಂದೇ ಬೇರೆ ಪಟ್ಟಿ ಇರುತ್ತೆ, ಬಕೆಟ್ಟಿನ ಪಟ್ಟಿ ನೋಡಿ ಮೋಸ ಹೋಗಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಮಿಷನ್ ಓಡಾಟ ನೋಡ್ತಾರೆ, ಲೆಕ್ಕ ಬರೆಯೋಳು ನಾನು. ಎರಡು ಮಿಷನ್ನೂ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ವರ್ಷದವು. ಒಂದು ಗಂಟೆಗೆ 11 ಲೀಟರ್, ಇನ್ನೊಂದು 14. ಕೇಳಿದರೆ 'ಮಿಷನ್ ಹಂಗೇ' ಅಂತಾರೆ. ಡೀಸೆಲ್ ಕದೀತಿದ್ದಾರಾ? – ಹಾಸನದಿಂದ ಒಬ್ಬ ಓದುಗಿ

ಉತ್ತರ: ಅಕ್ಕಾ, ಈ ಪುಟಕ್ಕೆ ಬಂದ ಪತ್ರಗಳಲ್ಲಿ ನಿಮ್ಮದೇ ಅತಿ ಒಳ್ಳೇ ಪ್ರಶ್ನೆ. ಕಳ್ಳತನ ಇರಬಹುದು, ಆದರೆ ಅಲ್ಲಿಂದ ಶುರು ಮಾಡಬೇಡಿ. ಮೊದಲು ಎರಡೂ ಒಂದೇ ಕೆಲಸ ಮಾಡ್ತಿವೆಯಾ ನೋಡಿ. ಒಂದು ಮಣ್ಣು ಎತ್ತುತ್ತಾ ಇನ್ನೊಂದು ಕಲ್ಲು ಕೀಳ್ತಾ ಇದ್ದರೆ 3 ಲೀಟರ್ ವ್ಯತ್ಯಾಸ ಸಹಜ. ಕೆಲಸ ಒಂದೇ ಆಗಿದ್ದರೆ ಏರ್ ಫಿಲ್ಟರ್ ನೋಡಿಸಿ, ಪವರ್ ಮೋಡಿನಲ್ಲೇ ಸದಾ ಬಿಟ್ಟಿದ್ದಾರಾ ಕೇಳಿ.

ಆಮೇಲೆ ಮಿಷನ್ ಖಾಲಿ ನಿಂತು ಓಡಿದ ಹೊತ್ತು. ಮೊಬೈಲಿಗೆ ಬರುವ ಕಂಪನಿಯ ಆ್ಯಪಿನಲ್ಲಿ ಐಡಲ್ ಅವರ್ ಅಂತ ಬೇರೆ ಸಾಲು ಇರುತ್ತೆ. ಖಾಲಿ ಓಡುವಾಗ ಕುಡಿಯೋದು ಕಮ್ಮಿ, ಹಾಗಾಗಿ ಐಡಲ್ ಜಾಸ್ತಿ ಇರೋ ಮಿಷನ್ನಿನಲ್ಲಿ ಗಂಟೆಗೆ ಲೀಟರ್ ಇಳಿಯಬೇಕು. ನಿಮ್ಮ 14 ಲೀಟರಿನ ಮಿಷನ್ನಲ್ಲಿ ಐಡಲ್ಲೂ ಜಾಸ್ತಿ ಇದೆ ಅಂದರೆ ಆಗ ಟ್ಯಾಂಕಿನ ಬೀಗದ ಮೇಲೆ ಕಣ್ಣಿಡಿ.

ಒಂದು ವಾರ ಆಪರೇಟರುಗಳನ್ನು ಅದಲುಬದಲು ಮಾಡಿಸಿ. ಕಾರಣ ಹೇಳಬೇಡಿ, ಇಬ್ಬರಿಗೂ ದಿನದ ಬಾಟಾ ಅಷ್ಟೇ ಇರಲಿ. 14 ಅನ್ನೋದು ಮಿಷನ್ ಜೊತೆ ಉಳಿಯುತ್ತೋ, ಮನುಷ್ಯನ ಜೊತೆ ಹೋಗುತ್ತೋ, ನಿಮ್ಮ ಪುಸ್ತಕದಲ್ಲೇ ಬರುತ್ತೆ. ಏನಾಯಿತು ಅಂತ ಬರೆದು ಕಳಿಸಿ.